ಮದುವೆಯ ದಿನ ನಾನು ಚಿಲಕ ಜೋಡಿಸಿದ್ದು

ಸೋಮಾರಿತನ ಗೆಲ್ಲಲು ಶುಭದಿನ ನೋಡಬೇಕಾಗಿಲ್ಲ ಎಂದು ಹೈಸ್ಕೂಲಿನ ಮಕ್ಕಳಿಗೆ ವರ್ಷಗಟ್ಟಲೆ ಬೋಧಿಸಿದ ಮೇಷ್ಟ್ರು ನಾನು. ಆದರೆ ನಾನು ಅದನ್ನು ಗೆದ್ದದ್ದು ಶುಭದಿನದಂದೇ. ತಂಗಿ ಐರಿನ್‌ಳ ಮಗ ವಿಲ್ಸನ್‌ನ ಮದುವೆಯ ದಿನ, ಬೆಳಿಗ್ಗೆ ಏಳು ಗಂಟೆಗೆ!

ಕುಂಬಳೆಯ ನಮ್ಮ ಮನೆಯಿಂದ ಇಗರ್ಜಿಗೆ, ಅಂದರೆ ಚರ್ಚಿಗೆ, ಐದೇ ನಿಮಿಷದ ನಡಿಗೆ. ಸೀತಾಂಗೋಳಿಯ ತಂಗಿಯ ಮನೆಯಲ್ಲಿ ನೆಂಟರ ನೂಕುನುಗ್ಗಲು. ಹಾಗಾಗಿ ಮದುಮಗ ನಮ್ಮಲ್ಲೇ ಸ್ನಾನ ಮಾಡಿ ಹೊರಡುವುದೆಂದು ನಿಶ್ಚಯವಾಗಿತ್ತು. ಆದರೆ ನಮ್ಮ ಬಾತ್‌ರೂಮಿಗೆ ಚಿಲಕವಿರಲಿಲ್ಲ. ಹಳೆಯದು ಕಿತ್ತುಹೋಗಿ, ಹೊಸತು ಫ್ರಿಜ್ಜಿನ ಮೇಲೆ ಕೂತು ಏಳು ತಿಂಗಳಾಗಿತ್ತು. ಅಲ್ಲಿಯವರೆಗೆ ನಾವೆಲ್ಲ ನೀರು ತುಂಬಿದ ಬಕೆಟ್ಟನ್ನು ಬಾಗಿಲಿಗೆ ಒತ್ತಿಟ್ಟು ಮಾನ ಕಾಪಾಡಿಕೊಳ್ಳುತ್ತಿದ್ದೆವು.

"ಬಡಗಿಯನ್ನು ಕರೀರಿ ಅಂತ ಎಷ್ಟು ಸಲ ಹೇಳಿದೆ!" ಎಂದಳು ಹೆಂಡತಿ ಜೂಲಿಯಾನ.

"ಬಡಗಿ ಎಂತಕ್ಕೆ? ನಾನಿಲ್ವಾ?"

ಇಪ್ಪತ್ತೇ ನಿಮಿಷ! ಚಿಲಕ ಬಾಗಿಲಿಗೆ ಕೂತಿತು. ಎಳೆಯುವ ಹಿಡಿಯ ಸಣ್ಣ ಸ್ಕ್ರೂ ಮಾತ್ರ ನನ್ನ ದೊಡ್ಡ ಸ್ಕ್ರೂಡ್ರೈವರಿಗೆ ಸಿಗಲಿಲ್ಲ. ಅದನ್ನು ಬೆರಳಲ್ಲೇ ತಿರುಗಿಸಿ ಬಿಟ್ಟೆ. ಇಷ್ಟು ಸುಲಭದ ಕೆಲಸಕ್ಕೆ ಏಳು ತಿಂಗಳು ಬೈಸಿಕೊಂಡೆನಲ್ಲ ಎಂದು ನನ್ನ ಮೇಲೆ ನನಗೇ ಕನಿಕರ ಬಂತು.

ಹತ್ತೂವರೆಗೆ ಇಗರ್ಜಿಯಲ್ಲಿ ಮದುವೆಯ ಬಲಿಪೂಜೆ. ಒಂಬತ್ತೂವರೆಗೆ ವಿಲ್ಸನ್ ಸ್ನಾನಕ್ಕೆ ಹೋದ. ಹತ್ತಕ್ಕೆ ಒಳಗಿನಿಂದ ಬಹಳ ವಿನಯದ ಸ್ವರ ಕೇಳಿತು.

"ಮಾಮ, ಚಿಲಕದ ಹಿಡಿ ನನ್ನ ಕೈಯಲ್ಲಿ ಉಂಟು."

"ಚಿಲಕ?"

"ಅದು ಬಾಗಿಲಲ್ಲೇ ಉಂಟು."

"ಎಳೆದು ನೋಡು!"

"ಎಂತ ಹಿಡಿದು ಎಳೆಯುವುದು ಮಾಮ?"

ಇಕ್ಕುಳ ಹಿಡಿದು ಮನೆಯ ಹಿಂದೆ ಓಡಿದೆ. ಸ್ಟೂಲ್ ಹತ್ತಿ ವೆಂಟಿಲೇಟರಿನೊಳಗೆ ಕೈ ತೂರಿಸಿದೆ. "ಹಿಡ್ಕೋ!" ಎಂದು ಬಿಟ್ಟೆ. ಪಳಕ್!

"ಮಾಮ, ಕಮೋಡಿಗೆ ಬಿತ್ತು."

"ತೆಗಿ!"

"ಇವತ್ತು ನನ್ನ ಮದುವೆ ಮಾಮ!"

"ತೆಗೆಯದಿದ್ರೆ ಇವತ್ತಲ್ಲ!"

ಅಷ್ಟರಲ್ಲಿ ಇಗರ್ಜಿಯಿಂದ ತಂಗಿಯ ಫೋನು. "ಅಣ್ಣಾ, ಹೊರಟ್ರಾ? ಮದುಮಗಳು ಬಂದಾಯ್ತು. ಹನ್ನೆರಡಕ್ಕೆ ಇನ್ನೊಂದು ಮದುವೆ ಉಂಟಂತೆ, ತಡವಾದ್ರೆ ಕಾಯ್ಲಿಕ್ಕೆ ಆಗುದಿಲ್ಲ ಅಂತ ಪಾದ್ರಿಯವರು ಹೇಳ್ತಿದ್ದಾರೆ."

"ಹೊರಟ ಹಾಗೆಯೇ," ಎಂದೆ. ಗಂಟೆ ಹತ್ತೂ ಕಾಲು!

ಗಲಾಟೆ ಕೇಳಿ ಪಕ್ಕದ ಮನೆಯ ಹಮೀದ್ ಹಾರೆಯೊಂದಿಗೇ ಬಂದರು. "ಮಾಸ್ಟ್ರೇ, ಒಡೆದು ಬಿಡುವ. ಮದುವೆಗಿಂತ ಬಾಗಿಲು ದೊಡ್ಡದಾ?"

ಅವರು ಹೇಳಿದ್ದೇ ಸರಿ. ಆದರೆ ನಾನು ಕೆಡಿಸಿದ್ದನ್ನು ನಾನೇ ಸರಿಪಡಿಸಬೇಕೆಂಬ ಹಟ. ಅವರನ್ನು ಪಕ್ಕಕ್ಕೆ ಸರಿಸಿ, ಸೂಟಿನಲ್ಲೇ ಹತ್ತು ಹೆಜ್ಜೆ ಹಿಂದೆ ನಿಂತೆ. "ವಿಲ್ಸನ್, ಮೂಲೆಗೆ ಹೋಗು! ಒಂದು... ಎರಡು..."

"ಮಾಮ, ಇಕ್ಕುಳ ತೆಗೆದೆ, ಚಿಲಕ ಬಂ—"

"ಮೂರು!"

ನಾನು ತಲುಪುವಾಗ ಬಾಗಿಲು ತೆರೆದಿತ್ತು. ನೆಲದಲ್ಲಿ ಸೋಪು. ಟವೆಲ್ ಸುತ್ತಿದ ಮದುಮಗನನ್ನು ದಾಟಿ ಜಾರಿ ಹೋದ ನನ್ನ ಪ್ರಯಾಣ ನಲ್ಲಿಯ ಕೆಳಗಿನ ಬಕೆಟ್ಟಿನಲ್ಲಿ ಕೊನೆಗೊಂಡಿತು.

"ಇವರು ಅಲ್ಲೇ ಇರಲಿ, ನೀನು ಕೋಟು ಹಾಕು!" ಎಂದು ಜೂಲಿಯಾನ ಮದುಮಗನನ್ನು ಎಳೆದೊಯ್ದಳು. ಹಮೀದ್ ಅವನನ್ನು ಸ್ಕೂಟರಿನಲ್ಲಿ ಕೂರಿಸಿ ಹೊರಟರು. ಇಗರ್ಜಿ ತಲುಪಿದಾಗ ಹತ್ತೂ ಮುಕ್ಕಾಲು. ಪಾದ್ರಿಯವರು ಬೈಯಬೇಕಾಗಲಿಲ್ಲವಂತೆ. ಮದುಮಗಳು ನೋಡಿದ ನೋಟವೇ ಸಾಕಾಗಿತ್ತಂತೆ.

ನಾನು ಹಮೀದರ ಬಿಗಿಯಾದ ಅಂಗಿ ತೊಟ್ಟು, ಹಣೆಯಲ್ಲಿ ನಿಂಬೆ ಗಾತ್ರದ ಬುಗುಟು ಹೊತ್ತು ಕೊನೆಯ ಬೆಂಚಿನಲ್ಲಿ ಕೂತೆ. ಪ್ರಾರ್ಥನೆಗೆ ಮೊಣಕಾಲೂರಿದಾಗ ನೋವಿಗೆ ಕಣ್ಣೀರೇ ಬಂತು. "ಸೋದರಮಾವನಿಗೆ ಎಷ್ಟು ಪ್ರೀತಿ ನೋಡಿ!" ಎಂದು ಯಾರೋ ಪಿಸುಗುಟ್ಟಿದರು. ನಾನು ತಿದ್ದಲಿಲ್ಲ.

ಮೊನ್ನೆ ಅಡುಗೆಮನೆಯ ಬಲ್ಬ್ ಹೋಯಿತು. ನಾನು ಕೂಡಲೇ ಎದ್ದು ಸ್ಟೂಲ್ ಎಳೆದೆ. ಜೂಲಿಯಾನ ಗಾಬರಿಯಿಂದ ಓಡಿ ಬಂದು ನನ್ನ ಕೈ ಹಿಡಿದಳು.

"ಕೂತ್ಕೊಳ್ಳಿ ಮಾರಾಯ್ರೆ, ಅವಸರ ಎಂತದು? ನಾಳೆ ಆದ್ರೂ ಸಾಕು!"

ಮದುವೆಯಾದಂದಿನಿಂದ ಅವಳ ಬಾಯಲ್ಲಿ ಕೇಳಬೇಕೆಂದು ಹಂಬಲಿಸಿದ ಮಾತು. ಕೇಳಿಸಿದಾಗ ಮಾತ್ರ ನಿಂತಲ್ಲೇ ಕುಗ್ಗಿಹೋದೆ!