ರೋಮನ್ ಪಟ್ಟಿ

ಹಲಸಿನಕಾಯಿ ಡಬ್ಬಿಯ ಮುಚ್ಚಳ ಗುರುಬಸವನ ಅಂಗೈ ಕೊಯ್ದಾಗ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ. ಪರದೇಶದ ಟ್ರುಗನಿನಾ ಬಡಾವಣೆಯ ವೇರ್‌ಹೌಸಿನಲ್ಲಿ ಮೂರು ವರ್ಷ ಕ್ಯಾಶುವಲ್ ಆಗಿ ದುಡಿದವನಿಗೆ ಸೋಮವಾರ ಪರ್ಮನೆಂಟ್ ಕೆಲಸದ ಮೊದಲ ದಿನ. ಪೆಟ್ಟಿಗೆ ಎತ್ತಲು ಎರಡೂ ಕೈ ಬೇಕು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕೈಗೆ ಟವೆಲ್ ಸುತ್ತಿಕೊಂಡು ಕೂತ. ಎರಡು ಗಂಟೆ ಕಳೆದು, ಮುಂದೆ ಮೂವರೇ ಉಳಿದಿದ್ದಾಗ ಪಕ್ಕದ ಮನೆಯ ಮೋಲಿ ಆಂಟಿ ಹುಡುಕಿಕೊಂಡು ಬಂದರು.

“ಎಂತ ಮಾರಾಯ, ಇಲ್ಲಿ ಕೂತ್ರೆ ಸಂಜೆ ಆಗ್ತದೆ. ನನ್ನ ಮೈದುನ ಲ್ಯಾನ್ಸ್‌ಲೊಟ್ ಡಾಕ್ಟರ್ ಅಲ್ವಾ? ಇಲ್ಲೇ ಪಾರ್ಕಲ್ಲಿದ್ದಾನೆ, ಬಾ!”

“ಇನ್ನ ಮೂರೇ ಮಂದಿ ಅದಾರ್ರೀ ಆಂಟಿ…”

ಆಂಟಿ ಆಗಲೇ ಅವನನ್ನು ಕಾರಿಗೆ ತುಂಬಿದ್ದರು.

ಪಾರ್ಕಿನಲ್ಲಿ ಇತಿಹಾಸದ ಮೇಳ. ‘ರೋಮನ್ ಸೇನೆಯ ಆಸ್ಪತ್ರೆ’ ಎಂದು ಬರೆದ ಡೇರೆಯಲ್ಲಿ ಲ್ಯಾನ್ಸ್‌ಲೊಟ್ ಮೊಣಕಾಲುದ್ದದ ಕೆಂಪು ಅಂಗಿ ತೊಟ್ಟು, ಮದುವೆ ಮನೆಯ ಅಡುಗೆಯವನಂತೆ ಚಾಕು, ಚಿಮಟಗಳನ್ನು ಹರಡಿಕೊಂಡು ನಿಂತಿದ್ದ. ನಿಜವಾದ ಗಾಯ ಕಂಡು ಅವನ ಮುಖ ಅರಳಿತು. ಜನ ಸುತ್ತುವರಿದರು.

“ರೋಮನ್ ಸೈನ್ಯದಲ್ಲಿ ಗಾಯವನ್ನು ಮೊದಲು ವಿನೆಗರಿನಲ್ಲಿ ತೊಳೀತಿದ್ರು,” ಎನ್ನುತ್ತ ಸುರಿದೇಬಿಟ್ಟ.

ಗುರುಬಸವ ಕಿರುಚಿದ. ಜನ ಚಪ್ಪಾಳೆ ತಟ್ಟಿದರು. ಜೇನುತುಪ್ಪ ಸವರಿ, ಬಿಳಿ ಬಟ್ಟೆಯ ಪಟ್ಟಿ ಕಟ್ಟಿದ್ದಾಯಿತು.

“ಡಾಕ್ಟ್ರೇ, ಹೊಲಿಗಿ? ಇಂಜೆಕ್ಷನ್ನು?”

“ಅದಕ್ಕೆ ಆಸ್ಪತ್ರೆಗೆ ಹೋಗ್ಬೇಕು ಮಾರಾಯ್ರೆ. ನಾನು ಹಿಸ್ಟರಿ ಡಾಕ್ಟರ್. ರೋಮನ್ ಸೈನ್ಯದ ಮೇಲೇ ಪಿಎಚ್‌ಡಿ.”

ಮೋಲಿ ಆಂಟಿ ಆಕಾಶ ನೋಡಿದರು.

ಆಂಟಿಯ ಜೊತೆ ಮತ್ತೆ ಆಸ್ಪತ್ರೆಗೆ ಬಂದರೆ, ಅವನ ಹೆಸರು ಕೂಗಿ ಆಗಿಹೋಗಿತ್ತು. ನರ್ಸ್ ಪಟ್ಟಿ ಬಿಚ್ಚಿ ನೋಡಿ ಬೆರಗಾದಳು. ಗಾಯ ಇಷ್ಟು ಚೊಕ್ಕಟವಾಗಿ ಇರುವುದು ಅಪರೂಪವಂತೆ, ರಕ್ತವೂ ನಿಂತಿದೆಯಂತೆ, ಅರ್ಜೆಂಟ್ ಏನೂ ಇಲ್ಲವಂತೆ. ಹೊಸ ಪಟ್ಟಿ ಸುತ್ತಿ, ಹೆಸರನ್ನು ಕಟ್ಟಕಡೆಗೆ ಬರೆದುಕೊಂಡಳು. ಗುರುಬಸವ ಬೆರಳು ಮಡಚಿ ನೋಡಿದ. ಮೊಣಕೈವರೆಗೂ ಚಳುಕು ಹೊಡೆಯಿತು. ಸೋಮವಾರದ ಪೆಟ್ಟಿಗೆಗಳು ಕಣ್ಣ ಮುಂದೆ ಒಂದರ ಮೇಲೊಂದು ಕೂತವು.

ನಾಲ್ಕು ಗಂಟೆಗೆ ಬಾಗಿಲು ತೆರೆಯಿತು. ಕೆಂಪು ಅಂಗಿಯ ಲ್ಯಾನ್ಸ್‌ಲೊಟ್! ಕೈಗೆ ಸುತ್ತಿದ ಮಣ್ಣಾದ ಚಿಂದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮುಂದಿನ ಶೋದಲ್ಲಿ ರೋಮನ್ ಚಾಕು ತೋರಿಸಲು ಹೋಗಿ ತನ್ನ ಕೈಯನ್ನೇ ಕೊಯ್ದುಕೊಂಡಿದ್ದ.

“ವಿನೆಗರ್, ಜೇನು ಎರಡೂ ನಿಮ್ಮ ಕೈಗೇ ಮುಗೀತು ಮಾರಾಯ್ರೆ,” ಎಂದು ನರಳಿದ.

ಚಿಂದಿ ಕಂಡದ್ದೇ ನರ್ಸ್ ಓಡಿ ಬಂದು, ಯಾರ ಹೆಸರನ್ನೂ ಕೂಗದೆ ಅವನನ್ನು ನೇರ ಒಳಗೆ ಕರೆದೊಯ್ದಳು.

ಮೋಲಿ ಆಂಟಿ ಪಕ್ಕದ ಕುರ್ಚಿಯಲ್ಲಿ ಕೂತು ನಿಟ್ಟುಸಿರಿಟ್ಟರು. “ಪಾಪ, ಅವನ ಗಾಯ ತೊಳೀಲಿಕ್ಕೆ ಯಾರೂ ಇರ್ಲಿಲ್ಲ. ನೀನು ಪುಣ್ಯವಂತ ಮಾರಾಯ.”

ಗುರುಬಸವ ತಲೆ ಎತ್ತಿದ. ಎದುರಿನ ಬೋರ್ಡಿನಲ್ಲಿ ಕಾಯುವ ಸಮಯ ಆರು ಗಂಟೆ ಇದ್ದದ್ದು ಏಳಾಯಿತು.