ಹಲ್ಲು ಯಾವ ಕಡೆ ನೋಡ್ಬೇಕು?

ನಮ್ಮ ಅಂಗಡಿಗೆ ರಿಪೇರಿಗೆ ಬರೋ ಮರ ಕುಯ್ಯೋ ಮೆಷಿನ್‌ಗಳಲ್ಲಿ ಮುಕ್ಕಾಲು ಪಾಲು ಕೆಟ್ಟೇ ಇರಲ್ಲ. ಕೆಟ್ಟಿರೋದು ಅದನ್ನ ಹಿಡ್ಕೊಂಡು ಬಂದೋರ ತಲೆ. ಅದಕ್ಕೆ ನನ್ನ ಹತ್ರ ಸ್ಪೇರ್ ಪಾರ್ಟ್ ಇಲ್ಲ. ವಾರಕ್ಕೆ ಒಬ್ರಾದ್ರೂ ಇಂಥೋರು ಬರದೇ ಹೋದ್ರೆ ನನಗೇ ಏನೋ ಕಳ್ಕೊಂಡ ಹಾಗಾಗುತ್ತೆ.

ದೊಡ್ಡನೆಕ್ಕುಂದಿಯಲ್ಲಿ ನಮ್ಮ ಮನೆಯ ಮುಂದಿನ ರೂಮೇ ಅಂಗಡಿ. ಚೈನ್‌ಸಾ, ಅದೇ ಈ ಮರ ಕುಯ್ಯೋ ಮೆಷಿನ್, ಹುಲ್ಲು ಕತ್ತರಿಸೋ ಮೆಷಿನ್ ಎಲ್ಲಾ ರಿಪೇರಿ ಮಾಡ್ತೀವಿ. ಮಾಡ್ತೀವಿ ಅಂದ್ರೆ ನಾನು ಮಾಡ್ತೀನಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಸಣ್ಣ ಎಂಜಿನ್ ಜೋಡಿಸಿದ ಕೈ ಇದು. ನಮ್ಮ ಯಜಮಾನ್ರು ಸರ್ಕಾರಿ ಕಾರ್ಖಾನೆಯ ಇನ್ಸ್‌ಪೆಕ್ಷನ್ ಡಿಪಾರ್ಟ್‌ಮೆಂಟ್‌ನಲ್ಲಿ ಇದ್ದೋರು. ಮೂವತ್ತೊಂದು ವರ್ಷ ಬೇರೆಯೋರು ಮಾಡಿದ್ದನ್ನ ನೋಡಿ ಓಕೆ ಇಲ್ಲಾ ರಿಜೆಕ್ಟ್ ಅಂದಿದ್ದು ಬಿಟ್ರೆ ಒಂದು ಸ್ಕ್ರೂ ತಿರುಗಿಸಿದೋರಲ್ಲ. ಈಗ ಅಂಗಡಿ ಸ್ಟೂಲ್ ಮೇಲೆ ಪೇಪರ್ ಹಿಡ್ಕೊಂಡು ಕೂರ್ತಾರೆ. ನಾನು ಮಾಡೋ ಉಪ್ಪಿಟ್ಟಿಗೂ ಅದೇ ಎರಡು ಮಾತು.

ಆದ್ರೆ ಬೋರ್ಡ್ ಮೇಲೆ ಇರೋದು ಅವರ ಹೆಸರು. ನನ್ನ ಹೆಸರು ಹಾಕ್ಸಿ ಅಂತ ಆರು ವರ್ಷದಿಂದ ಬಾಯಿ ಬಡ್ಕೋತಿದೀನಿ. ಹೆಂಗಸಿನ ಹೆಸರು ನೋಡಿದ್ರೆ ಟೈಲರಿಂಗ್ ಅಂದ್ಕೊಂಡು ಬ್ಲೌಸ್ ಪೀಸ್ ತರ್ತಾರೆ ಕಣೇ ಅಂತಾರೆ. ನನಗೆ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ.

ಮೆಕ್ಯಾನಿಕ್ ಇಲ್ವಾ?

ಬಂದೋರೆಲ್ಲ ಮೊದಲು ಕೇಳೋದು ಇದೇ ಪ್ರಶ್ನೆ. ಒಂದಿನ ಒಬ್ಬ ನರ್ಸರಿ ಯಜಮಾನ ಚೈನ್‌ಸಾ ತಂದ. ನಾನು ಗ್ರೀಸ್ ಕೈಯಲ್ಲೇ ಎದುರಿಗೆ ನಿಂತಿದೀನಿ. ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, ಮೆಕ್ಯಾನಿಕ್ ಇಲ್ವಾ ಅಂದ. ನಾನೇ ಅಂದೆ. ಪಾಪ, ಕಿವಿ ಸ್ವಲ್ಪ ಮಂದ ಇರ್ಬೇಕು, ಸೀದಾ ಹೋಗಿ ನಮ್ಮ ಯಜಮಾನ್ರ ಮಡಿಲಿಗೆ ಮೆಷಿನ್ ಇಟ್ಟ.

ಇವರು ಕನ್ನಡಕ ಏರಿಸಿ ನೋಡಿದ್ರು. ಚೈನು ಅದು ಸುತ್ತೋ ಉದ್ದನೆ ಕಬ್ಬಿಣದ ಪಟ್ಟಿಯಿಂದ ಕೆಳಗೆ ಜೋತು ಬಿದ್ದಿತ್ತು, ಅದು ಕಣ್ಣಿರೋ ಯಾರಿಗಾದ್ರೂ ಕಾಣುತ್ತೆ. ಲೂಸ್ ಇದೆ, ರಿಜೆಕ್ಟ್ ಅಂತ ತೀರ್ಪು ಕೊಟ್ರು. ನಾನು ಮೆಷಿನ್ ಇಸ್ಕೊಂಡು ಎರಡು ನಟ್ ಸಡಿಲ ಮಾಡಿ, ಪಟ್ಟಿಯ ಮೂತಿ ಮೇಲಕ್ಕೆತ್ತಿ ಹಿಡಿದು, ಪಕ್ಕದ ಸ್ಕ್ರೂ ತಿರುಗಿಸ್ತಾ ಬಂದೆ. ಚೈನು ಪಟ್ಟಿಗೆ ಅಂಟಿ ಕೂತ್ಕೋಬೇಕು, ಆದ್ರೂ ಕೈಯಲ್ಲಿ ಎಳೆದ್ರೆ ಸರಾಗ ಓಡ್ಬೇಕು. ಅಷ್ಟಾದ್ಮೇಲೆ ನಟ್ ಬಿಗಿ ಮಾಡಿ ಕೊಟ್ಟೆ. ಐದು ನಿಮಿಷದ ಕೆಲಸ.

ಆ ಮನುಷ್ಯ ಓಡಿಸಿ ನೋಡಿ ಖುಷಿಯಾಗಿ ನಮ್ಮ ಯಜಮಾನ್ರ ಕೈ ಕುಲುಕಿದ. ಮನೆಯೋರಿಗೆ ಒಳ್ಳೆ ಟ್ರೈನಿಂಗ್ ಕೊಟ್ಟಿದೀರಾ ಸಾರ್ ಅಂದ. ಇವರು ಬೇಡ ಅನ್ಲಿಲ್ಲ, ಆ ಹೊಗಳಿಕೇನ ತಗೊಂಡ್ರು.

ಆಫ್ ಮಾಡಿ ಆನ್ ಮಾಡಿದ್ವಿ

ವೈಟ್‌ಫೀಲ್ಡ್‌ನ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಅಧ್ಯಕ್ಷರು ಕಾರಲ್ಲಿ ಬಂದ್ರು. ಸಾಫ್ಟ್‌ವೇರ್‌ನಲ್ಲಿ ದೊಡ್ಡ ಹುದ್ದೆ. ಗಾಳಿಗೆ ಬಿದ್ದ ಮರ ಗೇಟಿಗೆ ಅಡ್ಡ ಮಲಗಿದೆ, ಮೆಷಿನ್ ಸ್ಟಾರ್ಟ್ ಆಗುತ್ತೆ, ಚೈನ್ ಮಾತ್ರ ತಿರುಗಲ್ಲ ಅಂದ್ರು. ಏನೇನು ಮಾಡಿದ್ರಿ ಅಂತ ಕೇಳಿದ್ದೇ ತಪ್ಪಾಯ್ತು. ಲ್ಯಾಪ್‌ಟಾಪ್ ತೆಗೆದ್ರು.

ಹದಿನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದ್ರಂತೆ. ಆಮೇಲೆ ಮೀಟಿಂಗ್ ಕರೆದ್ರಂತೆ. ಮೂಲ ಕಾರಣ ಹುಡುಕೋಕೆ ಒಂದು ಕಮಿಟಿ, ಆ ಕಮಿಟಿಗೆ ಒಂದು ವಾಟ್ಸಾಪ್ ಗ್ರೂಪು. ಚೈನ್ ಬದಲಾಯಿಸ್ಬೇಕು ಅಂತ ಒಂದು ಬಣ, ಎಂಜಿನ್ನೇ ಬದಲಾಯಿಸ್ಬೇಕು ಅಂತ ಇನ್ನೊಂದು ಬಣ. ಅಷ್ಟು ದಿನವೂ ಗೇಟಲ್ಲಿ ಎಲ್ಲರೂ ಆ ಮರ ದಾಟ್ಕೊಂಡೇ ಆಫೀಸಿಗೆ ಹೋಗಿದಾರೆ.

ಮುಂದಿನ ಹಿಡಿ ಹತ್ರ ಕೈಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ತಡೆ ಇರುತ್ತಲ್ಲ, ಅದು ಮುಂದಕ್ಕೆ ಬಿದ್ದಿತ್ತು. ಅದು ಚೈನಿನ ಬ್ರೇಕು. ನಾನು ಒಂದು ಬೆರಳಲ್ಲಿ ಹಿಂದಕ್ಕೆ ಎಳೆದೆ, ಟಕ್ ಅಂತು, ಚೈನು ಬಿಡುಗಡೆ ಆಯ್ತು. ಅಧ್ಯಕ್ಷರು ಲ್ಯಾಪ್‌ಟಾಪ್ ಮುಚ್ಚದೇ ಕೇಳಿದ್ರು, ಮೇಡಂ, ಇದು ಬಗ್ಗಾ, ಫೀಚರಾ ಅಂತ.

"ಬ್ರೇಕು ಸಾರ್," ಅಂದೆ.

ಹಾಗಂತ ನಾನು ತುಂಬಾ ನಗೋ ಹಾಗಿಲ್ಲ. ಅಂಗಡಿ ತೆಗೆದ ಹೊಸದರಲ್ಲಿ ಇದೇ ಕಾಯಿಲೆಗೆ ನಾನು ಒಂದು ಇಡೀ ಎಂಜಿನ್ ಬಿಚ್ಚಿ ನೆಲದ ಮೇಲೆ ಹರಡಿ, ಕೊನೆಗೆ ಬ್ರೇಕ್ ನೋಡಿದೋಳು. ಆದ್ರೆ ನಾನು ಕಮಿಟಿ ಮಾಡ್ಲಿಲ್ಲ.

ಬೋಂಡಾ ಎಣ್ಣೆ

ಅಲ್ಲೇ ವೈಟ್‌ಫೀಲ್ಡ್ ಕಡೆ ಒಂದು ಟೆಕ್ ಪಾರ್ಕ್. ಅಲ್ಲಿ ಗಿಡಮರ ನೋಡ್ಕೊಳ್ಳೋ ಯಾದಗಿರಿ ಕಡೆಯ ಮಾಲಿಯೊಬ್ರು ಮೆಷಿನ್ ಚೀಲದಲ್ಲಿ ಹಾಕ್ಕೊಂಡು ಬಸ್ಸಲ್ಲಿ ಬರ್ತಾರೆ. ನಲವತ್ತು ದಾಟಿದ ಮನುಷ್ಯ, ಮಾತು ಕಮ್ಮಿ, ಬುದ್ಧಿ ಜಾಸ್ತಿ. ಒಂದಿನ ಚೀಲ ಬಿಚ್ಚಿದ್ರೆ ಅಂಗಡಿ ತುಂಬಾ ಬೋಂಡಾ ವಾಸನೆ. ನಮ್ಮ ಯಜಮಾನ್ರು ಪೇಪರ್ ಕೆಳಗಿಟ್ಟು ಅಡುಗೆಮನೆ ಕಡೆ ಆಸೆಯಿಂದ ನೋಡಿದ್ರು.

ವಿಷಯ ಏನಂದ್ರೆ, ಚೈನಿಗೆ ಅಂತಲೇ ಬೇರೆ ಎಣ್ಣೆ ಹಾಕ್ಬೇಕು. ಇಲ್ದಿದ್ರೆ ಪಟ್ಟಿ ಮೇಲೆ ಉಜ್ಜಿ ಉಜ್ಜಿ ಕೆಂಪಗಾಗುತ್ತೆ. ಆ ಪಾರ್ಕಿನ ಮ್ಯಾನೇಜರ್‌ಗೆ ಪರಿಸರದ ಮೇಲೆ ಪ್ರೀತಿ ಉಕ್ಕಿ, ಕ್ಯಾಂಟೀನಿನಲ್ಲಿ ಕರಿದು ಮಿಕ್ಕಿದ ಎಣ್ಣೆಯನ್ನೇ ಹಾಕಿ ಅಂದಿದಾನೆ. ಬೇಡ ಅಂದ ಮಾಲಿಗೆ, ನಿನಗೇನು ಗೊತ್ತು ಅಂದಿದಾನೆ. ಎಣ್ಣೆ ಬರೋ ತೂತಲ್ಲಿ ನಾನು ಸೂಜಿ ಹಾಕಿ ಕೆದಕಿದ್ರೆ ಸಾಸಿವೆ ಕಾಳು ಬಂತು. ಅದರ ಹಿಂದೆ ಕರಿಬೇವಿನ ಚೂರು. ಮರ ಕುಯ್ಯುವಾಗ ಕ್ಯಾಂಪಸ್ಸಿನ ನಾಯಿಗಳೆಲ್ಲ ಸುತ್ತ ಕೂತ್ಕೋತಿದ್ವಂತೆ.

ಕ್ಲೀನ್ ಮಾಡಿ ಹೊಸ ಚೈನ್ ಹಾಕುವಾಗ ಮಾಲಿಯನ್ನ ಕೂರಿಸ್ಕೊಂಡು ಹೇಳಿಕೊಟ್ಟೆ. ಪಟ್ಟಿಯ ಮೇಲ್ಗಡೆ ಇರೋ ಹಲ್ಲು ಮೂತಿ ಕಡೆ, ಮುಂದಕ್ಕೆ ನೋಡ್ಬೇಕು. ಉಲ್ಟಾ ಹಾಕಿದ್ರೆ ಉಜ್ಜುತ್ತೆ, ಸುಡುತ್ತೆ, ಕುಯ್ಯಲ್ಲ. "ನಮ್ಮನ್ನ ನೋಡಿ ಹಲ್ಲು ಕಿರಿಯೋದು ಯಾವುದೂ ಕೆಲಸ ಮಾಡಲ್ಲ, ನೆನಪಿಟ್ಕೊಳ್ಳಿ," ಅಂದೆ.

ಅವರು ಹಲ್ಲಿನ ಮೇಲೆ ಬೆರಳಾಡಿಸಿ, ನಮ್ ಮ್ಯಾನೇಜರ್ರೂ ಹಂಗೇ ಅದಾರ್ರಿ ಅಂದ್ರು.

ಟೆಕ್ನಿಕಲ್ ಪರ್ಸನ್

ಆ ಮ್ಯಾನೇಜರ್‌ನಿಂದಲೇ ಒಂದಿನ ಫೋನ್ ಬಂತು. ಪಾರ್ಕಿನಲ್ಲಿ ಏಳು ಚೈನ್‌ಸಾ ಇವೆ, ವರ್ಷಪೂರ್ತಿ ಸರ್ವಿಸ್ ನಿಮಗೇ ಕೊಡೋಣ ಅಂತಿದೀವಿ, ಬಂದು ಚೈನ್ ಬದಲಾಯಿಸಿ ಒಂದು ಡೆಮೋ ಕೊಡಿ ಅಂದ. ಬರ್ತೀನಿ ಅಂದೆ. ನೀವಲ್ಲ ಮೇಡಂ, ಟೆಕ್ನಿಕಲ್ ಪರ್ಸನ್‌ನ ಕಳ್ಸಿ ಅಂದ.

ನಾನು ಫೋನ್ ಇಟ್ಟು ಯಜಮಾನ್ರ ಮುಂದೆ ನಿಂತೆ. ಇವತ್ತು ಇದು ಇತ್ಯರ್ಥ ಆಗ್ಲಿ ಅಂದೆ. ಅಲ್ಲಿ ನೀವು ಮಾಡಿ ಗೆದ್ರೆ ಬೋರ್ಡಿನ ವಿಷಯ ಜನ್ಮದಲ್ಲಿ ಎತ್ತಲ್ಲ. ಇಲ್ಲಾಂದ್ರೆ ನನ್ನ ಹೆಸರು ಬರ್ಬೇಕು. ಅವರು ಪೇಪರ್ ಮಡಿಸಿ, ಆರು ವರ್ಷದಿಂದ ನೋಡ್ತಾ ಇದೀನಿ, ಏನು ಮಹಾ ವಿದ್ಯೆ ಇದು ಅಂತ ಇಸ್ತ್ರಿ ಶರ್ಟ್ ಹಾಕ್ಕೊಂಡು ಹೊರಟೇಬಿಟ್ರು. ಪಾರ್ಕಿನ ಗೇಟಲ್ಲಿ ಅವರ ಕೊರಳಿಗೆ ಎಂಜಿನಿಯರ್ ಅಂತ ಬ್ಯಾಡ್ಜು. ಟೂಲ್ ಬಾಕ್ಸ್ ಹೊತ್ಕೊಂಡಿದ್ದ ನನಗೆ ಜೊತೆಯವರು ಅಂತ.

ಕ್ಯಾಂಟೀನ್ ಹಿಂದೆ ಒಂದು ದಿಮ್ಮಿ ಇಟ್ಟಿದ್ರು. ಮ್ಯಾನೇಜರ್, ಅವನ ಆಫೀಸಿನ ನಾಲ್ಕು ಜನ, ಹಿಂದೆ ನಮ್ಮ ಯಾದಗಿರಿ ಮಾಲಿ. ಇವರು ಇಂಗ್ಲಿಷಲ್ಲಿ ಕ್ವಾಲಿಟಿ ಬಗ್ಗೆ ಎರಡು ಮಾತಾಡಿ ಕವರ್ ಬಿಚ್ಚಿದ್ರು, ಹಳೇ ಚೈನ್ ತೆಗೆದ್ರು, ಹೊಸದನ್ನ ಹಾಕಿದ್ರು. ನಟ್ಟು, ಬಿಗಿ ಎಲ್ಲಾ ಸರಿಯಾಗೇ ಮಾಡಿದ್ರು, ನೋಡಿ ಕಲಿತಿದಾರೆ ಪಾಪ. ಆದ್ರೆ ಹಲ್ಲು ಉಲ್ಟಾ. ನನಗೆ ಕಾಣ್ತು. ಬಾಯಿ ಬಿಡ್ಲಿಲ್ಲ. ನಾನೇನು ದೇವತೆ ಅಲ್ಲ, ಆರು ವರ್ಷದ ಸಿಟ್ಟು.

ಮೆಷಿನ್ ಸ್ಟಾರ್ಟ್ ಆಯ್ತು, ದಿಮ್ಮಿ ಮೇಲೆ ಇಟ್ರು. ಶಬ್ದ ಬಂತು, ಹೊಗೆ ಬಂತು, ಹೊಟ್ಟು ಮಾತ್ರ ಬರ್ಲಿಲ್ಲ. ಇವರು ಇನ್ನೂ ಅದುಮಿದ್ರು, ಇನ್ನೂ ಹೊಗೆ. ಮರ ತುಂಬಾ ಗಟ್ಟಿ ಇದೆ ಅಂದ್ರು. ಆಮೇಲೆ ಎಂಜಿನ್ ಪವರ್ ಸಾಲದು ಅಂದ್ರು. ದಿಮ್ಮಿ ಮೇಲೆ ದೋಸೆ ಸೀದ ಹಾಗೆ ಒಂದು ಕರೀ ಗೆರೆ, ಅಷ್ಟೇ. ಮ್ಯಾನೇಜರ್ ಕೆಮ್ತಾ ಹಿಂದೆ ಸರಿದ. ಯಾವುದೋ ಮೂಲೆಯಿಂದ ಸೆಕ್ಯೂರಿಟಿಯೋನು ಬೆಂಕಿ ಆರಿಸೋ ಸಿಲಿಂಡರ್ ಹಿಡ್ಕೊಂಡು ಓಡಿ ಬಂದ.

ಆಗ ಹಿಂದಿನಿಂದ ಮಾಲಿ ಮೆಲ್ಲಗೆ ಮುಂದೆ ಬಂದ್ರು.

"ಸರ, ಹಲ್ಲು ನಿಮ್ಮನ್ನ ನೋಡಿ ಕಿಸಿಲಾಕತ್ಯಾವ್ರಿ. ಹಂಗ ಕಿಸಿಯೋವು ಕೆಲಸ ಮಾಡಂಗಿಲ್ಲಂತ ಅಕ್ಕಾರ ಹೇಳ್ಯಾರ್ರಿ."

ಎಲ್ಲರೂ ಬಗ್ಗಿ ಹಲ್ಲು ನೋಡಿದ್ರು. ಆಮೇಲೆ ಯಜಮಾನ್ರನ್ನ ನೋಡಿದ್ರು. ಅವರು ಕನ್ನಡಕ ಒರೆಸಿಕೊಂಡು, ಬ್ಯಾಡ್ಜ್ ಬಿಚ್ಚಿ ಜೇಬಿಗೆ ಹಾಕ್ಕೊಂಡ್ರು. ಮುಖ ನೋಡಿ ನನಗೂ ಒಂದು ಗಳಿಗೆ ಅಯ್ಯೋ ಅನ್ನಿಸ್ತು. ಒಂದೇ ಗಳಿಗೆ.

ಚೈನ್ ತಣ್ಣಗಾಗ್ಲಿ ಅಂತ ಟೀ ಕುಡಿದೆ. ಗ್ಲೌಸ್ ಹಾಕ್ಕೊಂಡು ಚೈನ್ ತಿರುಗಿಸಿ ಹಾಕಿ, ಬಿಗಿ ನೋಡಿ, ದಿಮ್ಮಿ ಮೇಲಿಟ್ಟೆ. ಚೂರು ಚೂರಾಗಿ ಹೊಟ್ಟು ಹಾರಿ ಮ್ಯಾನೇಜರ್ ಶೂ ಮೇಲೆ ಬಿತ್ತು, ದಿಮ್ಮಿ ಎರಡಾಯ್ತು. ಉಲ್ಟಾ ಇರೋದು ನಿಮಗೆ ಗೊತ್ತಿತ್ತು ತಾನೆ, ಮೊದಲೇ ಹೇಳ್ಬಾರ್ದಿತ್ತಾ ಮೇಡಂ ಅಂದ ಅವನು. ನೀವು ಕೇಳಿದ್ದು ಟೆಕ್ನಿಕಲ್ ಪರ್ಸನ್‌ನ ಸಾರ್, ನಾನು ಜೊತೆಯವರು ಅಂತ ಬ್ಯಾಡ್ಜ್ ತೋರಿಸ್ದೆ. ಏಳೂ ಮೆಷಿನ್ ನಮಗೇ ಬಂತು. ಆರ್ಡರ್ ಕಾಗದದಲ್ಲಿ ಮಾತ್ರ, ಬೋರ್ಡ್‌ನಲ್ಲಿ ಇದ್ದ ಹಾಗೇ, ಯಜಮಾನ್ರ ಹೆಸರು.

ವಾಪಸ್ ಬಂದಿದ್ದು ಬಸ್ಸಲ್ಲಿ. ಇಳಿಯೋ ಸ್ಟಾಪ್ ಹತ್ರ ಬಂದಾಗ ಕಿಟಕಿ ಕಡೆ ನೋಡ್ತಾನೇ ಕೇಳಿದ್ರು, ಆ ಬೋರ್ಡ್ ಬರೆಯೋನ ನಂಬರ್ ಇದೆಯಾ ಅಂತ. ಫೋನಲ್ಲಿ ಆರು ವರ್ಷದಿಂದ ಇತ್ತು.

ಹೊಸ ಬೋರ್ಡ್ ಬಂತು. ದೊಡ್ಡ ಅಕ್ಷರದಲ್ಲಿ ನನ್ನ ಹೆಸರು, ಕೆಳಗೆ ಚೈನ್‌ಸಾ ಮೆಕ್ಯಾನಿಕ್ ಅಂತ. ಯಜಮಾನ್ರು ಏಣಿ ಹತ್ತಿ ಒಂದೊಂದೇ ಅಕ್ಷರ ಪರೀಕ್ಷೆ ಮಾಡಿ ಓಕೆ ಅಂದ್ರು. ಮದುವೆಯಾದ್ಮೇಲೆ ನನ್ನ ಬಗ್ಗೆ ಅವರು ಹೇಳಿದ ಮೊದಲನೇ ಓಕೆ ಅದು.

ಮಾರನೇ ದಿನ ಬೆಳಗ್ಗೆ ಒಬ್ಬ ಬಂದ. ಬೋರ್ಡ್ ಕೆಳಗೇ ನಿಂತು ನನ್ನ ಹೆಸರು ಗಟ್ಟಿಯಾಗಿ ಓದಿದ. ನನ್ನನ್ನ ಮೇಲಿಂದ ಕೆಳಗೆ ನೋಡಿದ. ಆಮೇಲೆ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, ಮೆಕ್ಯಾನಿಕ್ ಇಲ್ವಾ ಸಾರ್ ಅಂದ.

ಯಜಮಾನ್ರು ಪೇಪರಿಂದ ತಲೆ ಎತ್ತಲಿಲ್ಲ.

"ಅವರೇ ಮೆಕ್ಯಾನಿಕ್. ನಾನು ಮುಟ್ಟಿದ್ರೆ ಬರೀ ಹೊಗೆ ಬರುತ್ತೆ."