ಆರಿಂಚಿನ ಸ್ಕೇಲೂ ಒಂದು ಗೋಲೂ

ಆಗಸ್ಟ್ ಬಂತೆಂದರೆ ನಮ್ಮ ಬೆಳಗಿನ ರೈಲಿನಲ್ಲಿ ಇಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಯುರೋಪಿನಲ್ಲಿ ಫುಟ್‌ಬಾಲ್ ಶುರುವಾಗುವುದು ಆಗ. ಅಲ್ಲಿ ಎರಡು ಪಂದ್ಯ ಮುಗಿಯುವಷ್ಟರಲ್ಲಿ ಇಲ್ಲಿ, ಬಂಗಾರಪೇಟೆಗೂ ಮಾಲೂರಿಗೂ ನಡುವೆ, ಈ ಸಲದ ಚಾಂಪಿಯನ್ ಯಾರೆಂದು ತೀರ್ಮಾನವಾಗಿ, ಇಬ್ಬರು ಮಾತು ಬಿಟ್ಟೂ ಆಗಿರುತ್ತದೆ.

ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್. ಪೊಲೀಸ್ ಅಲ್ಲ, ಬೋಲ್ಟುಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಪಕ್ಕಕ್ಕೆ ಎತ್ತಿಡುವವನು. ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲ್ ಸದಾ ಇರುತ್ತದೆ. ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಪೂರ್ಣವಿರಾಮ ಮರೆತರೆ ಬೆತ್ತ ಏಳುತ್ತಿದ್ದ ಕಾಲ. ಕೆ.ಜಿ.ಎಫ್. ಮೈದಾನಗಳಲ್ಲಿ ಹದಿನಾರು ವರ್ಷ ರೆಫರಿಯಾಗಿ ಸೀಟಿ ಊದಿದ್ದೇನೆ. ಅಲ್ಲೇ ಊರಿಗಾಂನಲ್ಲಿ ಒಬ್ಬನೇ ಇದ್ದೇನೆ.

ರೈಲಿನಲ್ಲಿ ಜೊತೆಗಾರರು ಮೂವರು. ನನ್ನ ಜೊತೆ ಊರಿಗಾಂನಲ್ಲೇ ಹತ್ತುವ ಎಲೆಕ್ಟ್ರಿಷಿಯನ್ ನೀಲಿ ಅಂಗಿಯ ಕ್ಲಬ್ಬಿನ ಅಭಿಮಾನಿ. ಬೂದಿಕೋಟೆಯಿಂದ ಬಸ್ಸಿನಲ್ಲಿ ಬಂದು ಬಂಗಾರಪೇಟೆಯಲ್ಲಿ ಹತ್ತುವ ಡೇರಿಯವನು ಕೆಂಪು ಅಂಗಿ. ಅವನೊಂದಿಗೆ ಹತ್ತುವವರು ಗಾರ್ಮೆಂಟ್ಸ್ ಸೂಪರ್‌ವೈಸರ್ ಮೇಡಂ. ಅವರಿಗೆ ಯಾವ ಕ್ಲಬ್ಬೂ ಇಲ್ಲ, ಆದ್ದರಿಂದ ಜಗಳ ಬಿಡಿಸುವುದು ಅವರೇ. ಕ್ಲಬ್ಬುಗಳ ಹೆಸರನ್ನು ನಮ್ಮ ಬೋಗಿಯಲ್ಲಿ ಹೇಳುವುದಿಲ್ಲ. ಹೆಸರು ಹೇಳಿದರೆ ದನಿ ಏರುತ್ತದೆ. ಬಣ್ಣ ಹೇಳಿದರೆ ಸಾಕು.

ಎಡಗಡೆಯ ಬೇಲಿ

ಹೋದ ವರ್ಷ ನೀಲಿಯವರು ಎಡಬದಿ ಕಾಯುವ ಆಟಗಾರನನ್ನು ಬೇರೆ ಕ್ಲಬ್ಬಿಗೆ ಮಾರಿಬಿಟ್ಟಿದ್ದರು. ಎಲೆಕ್ಟ್ರಿಷಿಯನ್ ಊಟ ಬಿಟ್ಟವನ ಹಾಗೆ ಕೂತಿದ್ದ.

"ಎನ್ನ ಸಾರ್ ಇದು! ಎಡಗಡೆ ಮಾರಿಬಿಟ್ರೆ ಏನು ಉಳೀತು? ಇನ್ಮೇಲೆ ಯಾರು ಬೇಕಾದ್ರೂ ಆ ಕಡೆಯಿಂದ ನುಗ್ಗಬಹುದು."

"ನಿಮ್ಮೋರ್‌ಗೆ ಬುದ್ಧಿ ಇಲ್ಲ ಬುಡು," ಅಂದ ಡೇರಿಯವನು. "ಅದೂ ನಮ್ಮ ಪಕ್ಕದೋರ್‌ಗೇ ಮಾರವ್ರೆ."

ಎದುರಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ಬಹಳ ಹೊತ್ತು ಕೇಳಿಸಿಕೊಂಡರು. ಕೊನೆಗೆ ಎಲೆಕ್ಟ್ರಿಷಿಯನ್ನನ ಮೊಣಕಾಲು ತಟ್ಟಿ, "ಓಗಿದ್ದು ಓಯ್ತು, ಅಳಬ್ಯಾಡ ನಾಯ್ನಾ. ಬಾವಿ ಯಾವ ಕಡೆ ಐತೆ?" ಎಂದರು.

ಮಾರಿದ್ದು ಜಮೀನೆಂದು ಅಜ್ಜಿ ತಿಳಿದಿದ್ದರು. ತಪ್ಪು ತಿದ್ದುವುದು ನನ್ನ ಕರ್ತವ್ಯವೆಂದು ನಾನು ಬಾಯಿ ತೆರೆದೆ. ಮೇಡಂ ಕಣ್ಣಲ್ಲೇ ತಡೆದರು.

"ಬಲಗಡೆ ಅಜ್ಜಿ," ಅಂದ ಎಲೆಕ್ಟ್ರಿಷಿಯನ್.

"ಅಂಗಾದ್ರೆ ಬದುಕ್ದೆ. ಎಡಗಡೆಗೆ ಮೊದ್ಲು ಒಂದು ಬೇಲಿ ಆಕ್ಸು," ಎಂದು ಹೇಳಿ ಅಜ್ಜಿ ಟೇಕಲ್‌ನಲ್ಲಿ ಇಳಿದು ಹೋದರು.

ಮುಂದಿನ ಭಾನುವಾರ ನೀಲಿಯವರಿಗೆ ನಾಲ್ಕು ಗೋಲು ಬಿತ್ತು, ನಾಲ್ಕೂ ಎಡಗಡೆಯಿಂದ. ಕೋಟಿಗಟ್ಟಲೆ ಸಂಬಳದ ಕೋಚ್‌ಗೆ ತಿಳಿಯದ್ದು ಟೇಕಲ್ ಅಜ್ಜಿಗೆ ತಿಳಿದಿತ್ತು.

ಹತ್ತನೇ ಪಂದ್ಯದ ಪೇಡ

ನನ್ನದೊಂದು ನಿಯಮವಿದೆ. ಹತ್ತು ಪಂದ್ಯ ಮುಗಿಯುವವರೆಗೆ ಯಾವ ತಂಡವನ್ನೂ ಹೊಗಳಬಾರದು, ತೆಗಳಬಾರದು. ಎರಡು ಬೋಲ್ಟು ನೋಡಿ ಇಡೀ ಪೆಟ್ಟಿಗೆಗೆ ಸಹಿ ಹಾಕುತ್ತಾರೆಯೇ?

ಈ ವರ್ಷದ ಮೊದಲ ವಾರವೇ ಡೇರಿಯವನು ಒಂದು ಡಬ್ಬಿ ಪೇಡ ತಂದ. ಕೆಂಪಿನವರು ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದರು.

"ಒಂದೇ ಪಂದ್ಯ ಆಗಿದೆ," ಎಂದೆ. "ಗೆದ್ದ ಎಲ್ಲರಿಗೂ ಅಂಕ ಸಮ. ನಿಮ್ಮಷ್ಟೇ ಗೋಲು ಹೊಡೆದವರು ಇನ್ನಿಬ್ಬರಿದ್ದಾರೆ. ನಿಮ್ಮ ಹೆಸರು ಮೇಲಿರುವುದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಿಂದ."

ಅವನ ಮುಖ ಅರಳಿತು. "ಅಂದ್ರೆ ಅಕ್ಷರದಾಗೂ ನಾವೇ ಫಸ್ಟು ಅಂತಾಯ್ತಲ್ಲ ಸಾರ್!"

ನಾನು ಪೇಡ ಮುಟ್ಟಲಿಲ್ಲ. ಹತ್ತನೇ ಪಂದ್ಯಕ್ಕೆ ತಿನ್ನುತ್ತೇನೆ ಎಂದೆ. ನನ್ನ ಪಾಲಿನದು ಟಿಕೆಟ್ ನೋಡಲು ಬಂದವರಿಗೆ ಹೋಯಿತು. ಅವರು ಖುಷಿಯಿಂದ ತಿಂದು, "ಯಾರ ಮದುವೆ?" ಎಂದು ಕೇಳಿದರು.

"ಮದುವೆ ಅಲ್ಲ ಸಾರ್," ಅಂದ ಎಲೆಕ್ಟ್ರಿಷಿಯನ್, ನನ್ನನ್ನು ತೋರಿಸುತ್ತಾ, "ಇವರದ್ದು ಉಪವಾಸ."

ಭಾನುವಾರದ ಚಹಾ

ಭಾನುವಾರ ರೈಲಿಗೆ ಹೋಗುವ ಕೆಲಸವಿಲ್ಲ. ಫುಟ್‌ಬಾಲ್ ಇರುವುದೂ ಭಾನುವಾರವೇ. ಹಾಗಾಗಿ ನೋಡಿದ್ದನ್ನೆಲ್ಲ ಸೋಮವಾರದವರೆಗೆ ಒಬ್ಬನೇ ಇಟ್ಟುಕೊಂಡಿರಬೇಕು. ಅದು ಹೇಳುವಷ್ಟು ಸುಲಭವಲ್ಲ.

ನಾಲ್ಕನೇ ವಾರದ ಪಂದ್ಯ, ಸಂಜೆ, ಟಿವಿಯಲ್ಲಿ. ನೀಲಿಯವರ ಹುಡುಗನೊಬ್ಬ ಅರ್ಧ ಮೈದಾನ ಓಡಿಬಂದು, ಗಾಳಿಯಲ್ಲೇ ತಿರುಗಿ, ಒಂದು ಗೋಲು ಹೊಡೆದ. ನಾನು ಕುರ್ಚಿಯಿಂದ ಎದ್ದು "ಗೋಲು!" ಎಂದು ಕೂಗಿದೆ. ಆ ದನಿ ನನಗೇ ಅಪರಿಚಿತವಾಗಿತ್ತು. ಶನಿವಾರ ಸಂಜೆ ರೈಲಿನಿಂದ ಇಳಿದ ಮೇಲೆ ನಾನಾಡಿದ ಮೊದಲ ಮಾತು ಅದು.

ಆಮೇಲೆ ಮತ್ತೊಮ್ಮೆ ತೋರಿಸಿದಾಗ ಅನುಮಾನ ಬಂತು. ಎದುರಾಳಿಯ ಕೊನೆಯ ಕಾವಲುಗಾರನಿಗಿಂತ ಮುಂದೆ ನಿಂತವನಿಗೆ ಚೆಂಡು ಕೊಟ್ಟರೆ ಅದು ಆಫ್‌ಸೈಡ್, ಗೋಲು ನಿಲ್ಲುವುದಿಲ್ಲ. ಚೆಂಡು ಕೊಟ್ಟಾಗ ಈ ಹುಡುಗನ ಬೂಟಿನ ತುದಿ ಮುಂದಿತ್ತೇ? ಯಾರಿಗಾದರೂ ಹೇಳಬೇಕೆನಿಸಿ ಬೀದಿಯ ಕೊನೆಯ ಚಹಾ ಅಂಗಡಿಗೆ ನಡೆದೆ.

"ಇವತ್ತು ಒಂದು ಗೋಲು ನೋಡಿದೆ," ಎಂದೆ.

"ಸಕ್ಕರೆ ಕಮ್ಮಿನಾ ಸಾರ್?"

"ಅದ್ಭುತ ಗೋಲು. ಆದರೆ ಬೂಟಿನ ತುದಿ ಕೊಂಚ ಮುಂದಿತ್ತು ಅಂತ ನನ್ನ ಅನುಮಾನ."

"ಸರಿ ಸಾರ್. ಕೊಂಚ ಕಮ್ಮಿ."

ಚಹಾ ಕುಡಿದು ಲೋಟ ಇಟ್ಟೆ. ಅಂಗಡಿಯವನು ಕನಿಕರದಿಂದ ನೋಡಿ, "ಇದನ್ನ ನಾಳೆವರೆಗೂ ಇಟ್ಕೊಳ್ಳಿ ಸಾರ್. ಟ್ರೈನ್‌ನಲ್ಲಿ ಕೇಳೋರು ಇರ್ತಾರಲ್ಲ," ಎಂದ. ನನಗೆ ಕೇಳುವವರು ಎಲ್ಲಿದ್ದಾರೆಂಬುದು ಚಹಾ ಅಂಗಡಿಗೂ ಗೊತ್ತು.

ಕೆಂಪು ಚೀಟಿ

ಸೋಮವಾರ ಎಲೆಕ್ಟ್ರಿಷಿಯನ್ ಮದುಮಗನ ಹಾಗೆ ಬಂದ. ಗೋಲನ್ನು ಇಡೀ ಬೋಗಿಗೆ ಮೊಬೈಲಿನಲ್ಲಿ ತೋರಿಸಿದ. ನನ್ನ ಸರದಿ ಬಂದಾಗ ನಾನು ಚಿತ್ರ ನಿಲ್ಲಿಸಿ, ಜೇಬಿನಿಂದ ಸ್ಕೇಲ್ ತೆಗೆದು, ಮೊಬೈಲಿನ ಗಾಜಿನ ಮೇಲೆ ಇಟ್ಟೆ.

"ಅರ್ಧ ಮಿಲಿಮೀಟರ್. ಆಫ್‌ಸೈಡ್."

"ಸಾರ್, ಅಲ್ಲಿ ಅಷ್ಟು ಕ್ಯಾಮೆರಾ ಇಟ್ಕೊಂಡು ರೆಫರಿ ಗೋಲು ಅಂದಿದ್ದಾನೆ. ನೀವು ಸ್ಕೇಲ್ ಇಟ್ಕೊಂಡು ಅಲ್ಲ ಅಂತೀರಾ?"

"ಸ್ಕೇಲಿಗೆ ಯಾವ ಕ್ಲಬ್ಬೂ ಇಲ್ಲ."

ಬಂಗಾರಪೇಟೆಯಲ್ಲಿ ಹತ್ತಿದ ಇಬ್ಬರಿಗೂ ನಾನು ಊಟದ ಡಬ್ಬಿಗಳನ್ನು ಸಾಲಾಗಿಟ್ಟು, ಯಾರು ಎಲ್ಲಿ ನಿಂತಿದ್ದರೆಂದು ವಿವರಿಸಿದೆ. ಅರ್ಧ ಗಂಟೆಯಾಯಿತು. ಎಲೆಕ್ಟ್ರಿಷಿಯನ್ ಮೊಬೈಲ್ ಜೇಬಿಗೆ ಹಾಕಿಕೊಂಡು ಕಿಟಕಿಯತ್ತ ತಿರುಗಿದ. "ಒಂದು ದಿನ ಖುಷಿಯಾಗಿರೋಕೆ ಬಿಡಿ ಸಾರ್," ಅಂದ. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಆಗ ಮೇಡಂ ತಮ್ಮ ಚೀಲದಿಂದ ಒಂದು ಕೆಂಪು ಚೀಟಿ ತೆಗೆದರು. ಹೊಲಿಗೆ ಕೆಟ್ಟ ಬಟ್ಟೆಗೆ ಅವರ ಫ್ಯಾಕ್ಟರಿಯಲ್ಲಿ ಅಂಟಿಸುವ ಚೀಟಿ ಅದು. ಎದ್ದು ನಿಂತು ನನ್ನ ಮುಖದೆದುರು ಎತ್ತಿ ಹಿಡಿದರು. "ಸಾರ್, ನಿಮಗೆ ರೆಡ್ ಕಾರ್ಡ್. ಮೂರು ಮ್ಯಾಚ್ ಆಚೆ. ನಾಳೆಯಿಂದ ಮೂರು ದಿನ ಬೇರೆ ಬೋಗಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ.

"ತೀರ್ಪು ತಪ್ಪು," ಎಂದೆ. "ಆದರೆ ರೆಫರಿ ಹೇಳಿದ ಮೇಲೆ ಮುಗಿಯಿತು. ಎದುರು ಮಾತಾಡಬಾರದು."

ಎಲೆಕ್ಟ್ರಿಷಿಯನ್ ಕಿಟಕಿಯಿಂದ ಥಟ್ಟನೆ ತಿರುಗಿದ. "ಇದನ್ನೇ ಅಲ್ವಾ ಸಾರ್ ಊರಿಗಾಂನಿಂದ ನಾನು ಹೇಳ್ತಿರೋದು!"

ಹಿಂದಿನ ಬೋಗಿ

ಅವರು ತಮಾಷೆಗೆ ಹೇಳಿದ್ದು ನನಗೆ ಗೊತ್ತಿಲ್ಲದೆ ಏನಿಲ್ಲ. ಆದರೆ ಶಿಕ್ಷೆ ಶಿಕ್ಷೆಯೇ. ಮಂಗಳವಾರ ಕೊನೆಯ ಬೋಗಿ ಹತ್ತಿದೆ.

ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಪಕ್ಕದವರೊಬ್ಬರು ನನ್ನ ಭುಜಕ್ಕೆ ಒರಗಿ ಬೆಂಗಳೂರಿನವರೆಗೆ ನಿದ್ದೆ ಮಾಡಿದರು. ಬುಧವಾರವೂ ಅವರೇ, ಅದೇ ಭುಜ. ಎದುರಿಗೆ ಇಬ್ಬರು ಕಾಲೇಜು ಹುಡುಗರು ಸ್ಪೇನಿನ ಕ್ಲಬ್ಬನ್ನು ಇಟಲಿಗೆ ಸೇರಿಸಿ ಮಾತಾಡುತ್ತಿದ್ದರು. ನಾನು ತಿದ್ದಲಿಲ್ಲ. ಮಾಲೂರಿನಲ್ಲಿ ರೈಲು ನಿಂತಾಗ ಮುಂದಿನ ಬೋಗಿಯಿಂದ ಡೇರಿಯವನ ನಗು ಕೇಳಿಸಿತು. ಯಾವುದಕ್ಕೆ ನಕ್ಕನೋ ತಿಳಿಯಲಿಲ್ಲ. ಆ ದಿನ ಕಾರ್ಖಾನೆಯಲ್ಲಿ ಒಂದೇ ಬೋಲ್ಟನ್ನು ಎರಡು ಸಲ ಅಳೆದೆ.

ಗುರುವಾರ ಹಳಿ ಕೆಲಸವೆಂದು ರೈಲು ರದ್ದಾಯಿತು. ಬಸ್ಸಿನಲ್ಲಿ ಹೋದೆ.

ಶುಕ್ರವಾರ ಮತ್ತೆ ಹಿಂದಿನ ಬೋಗಿಯಲ್ಲೇ ಕೂತೆ. ಬಂಗಾರಪೇಟೆಯಲ್ಲಿ ಮೇಡಂ, ಡೇರಿಯವನು ಕಿಟಕಿಗೆ ಓಡಿಬಂದರು.

"ಇಲ್ಯಾಕ್ ಕೂತಿದೀರಾ ಸಾರ್? ನಿಮ್ ಸೀಟ್‌ಗೆ ಕರ್ಚೀಫ್ ಹಾಕಿಸಿದೀನಿ. ಮೂರು ದಿನ ಆಯ್ತಲ್ಲ!" ಎಂದರು ಮೇಡಂ.

"ಆಗಿಲ್ಲ. ನಿನ್ನೆ ರೈಲು ರದ್ದಾಗಿತ್ತು. ರದ್ದಾದ ಪಂದ್ಯ ಶಿಕ್ಷೆಗೆ ಜಮೆಯಾಗುವುದಿಲ್ಲ. ಇವತ್ತು ಮೂರನೆಯದು."

"ಶಿಕ್ಷೆ ಕೊಟ್ಟೋಳು ನಾನು. ಮಾಫಿ ಮಾಡಿದೀನಿ, ಬನ್ನಿ."

"ತೋರಿಸಿದ ಕಾರ್ಡನ್ನು ರೆಫರಿ ವಾಪಸು ಜೇಬಿಗೆ ಹಾಕುವ ಹಾಗಿಲ್ಲ ಮೇಡಂ."

"ಥೂ, ಓಗ್ಲಿ ಬುಡಿ ಮೇಡಂ, ಇವ್ರ್ ಬರಾಕಿಲ್ಲ," ಎಂದ ಡೇರಿಯವನು. ರೈಲು ಕೂಗಿತು. ಇಬ್ಬರೂ ಮುಂದಕ್ಕೆ ಓಡಿದರು.

ನಿಯಮ ಗೆದ್ದಿತ್ತು. ಗೆದ್ದದ್ದನ್ನು ಹೇಳಿಕೊಳ್ಳಲು ಭುಜದ ಮೇಲೆ ಮಲಗಿದ್ದವರು ಬಿಟ್ಟರೆ ಯಾರೂ ಇರಲಿಲ್ಲ.

ಟೇಕಲ್‌ನಲ್ಲಿ ರೈಲು ನಿಂತಿತು. ಬಾಗಿಲಲ್ಲಿ ಗದ್ದಲವಾಯಿತು. ಊಟದ ಡಬ್ಬಿ, ಚೀಲ, ಕರ್ಚೀಫು ಸಮೇತ ಮೂವರೂ ಒಳಗೆ ಬಂದರು. ಎಲೆಕ್ಟ್ರಿಷಿಯನ್ ಏದುಸಿರು ಬಿಡುತ್ತಾ, "ಸಾರ್, ಇವತ್ತು ನಮಗೆ ‘ಅವೇ’ ಮ್ಯಾಚ್, ಹೊರಗಿನ ಆಟ. ನಿಮ್ಮ ಗ್ರೌಂಡಿಗೇ ಬಂದಿದೀವಿ," ಅಂದ.

"ಇದು ನಿಯಮಕ್ಕೆ..."

"ನಿಮ್ನ ಆಚೆ ಆಕಿದ್ವಿ," ಎಂದ ಡೇರಿಯವನು. "ನಾವು ಆಚೆ ಬರಬಾರ್ದು ಅಂತ ರೂಲ್ಸ್‌ನಾಗೆ ಎಲ್ಲೈತೆ ಯೋಳಿ."

ನಾನು ಮಾಲೂರಿನವರೆಗೂ ಯೋಚಿಸಿದೆ. ಎಲ್ಲೂ ಇರಲಿಲ್ಲ. "ಇಲ್ಲ," ಎಂದು ಒಪ್ಪಿಕೊಂಡೆ. ಡೇರಿಯವನು ನನ್ನ ಅಂಗೈಯಲ್ಲಿ ಒಂದು ಪೇಡ ಇಟ್ಟ. ಹತ್ತನೇ ಪಂದ್ಯಕ್ಕೆ ಇನ್ನೂ ಆರು ಬಾಕಿ ಇತ್ತು. ತಿಂದೆ.

ಎಲೆಕ್ಟ್ರಿಷಿಯನ್ ಮೊಬೈಲ್ ಮುಂದೆ ಹಿಡಿದ. ಅದೇ ಗೋಲು. "ಇನ್ನೊಂದ್ಸಲ ನೋಡಿ ಸಾರ್."

ನಾನು ಜೇಬಿಗೆ ಕೈ ಹಾಕಿದೆ. ಎಲೆಕ್ಟ್ರಿಷಿಯನ್ ಮೊಬೈಲನ್ನು ಕೊಂಚ ಹಿಂದಕ್ಕೆ ಎಳೆದುಕೊಂಡ. ಸ್ಕೇಲ್ ತೆಗೆದು, "ಇಳಿಯುವಾಗ ಕೊಡಿ," ಎಂದು ಮೇಡಂ ಕೈಗೆ ಕೊಟ್ಟು, ಬರಿಗಣ್ಣಿನಲ್ಲಿ ನೋಡಿದೆ.

ಅರ್ಧ ಮಿಲಿಮೀಟರ್. ಆಫ್‌ಸೈಡೇ, ಅನುಮಾನವೇ ಇಲ್ಲ.

"ಗೋಲು!" ಎಂದು ಕೂಗಿದೆ. ಭುಜದ ಮೇಲೆ ಮಲಗಿದ್ದವರು ಬೆಚ್ಚಿ ಎದ್ದು, "ಬೆಂಗ್ಳೂರು ಬಂತಾ?" ಎಂದರು.